ಸರ್ವರ್ ಡೌನ್ ಆದಾಗ ಕಟ್ಟಾದ ದುಡ್ಡು: ಮಲೆನಾಡಿನ ಗ್ರಾಹಕರು ಏನು ಮಾಡಬೇಕು

ಯುಪಿಐನಲ್ಲಿ ನಿಮ್ಮ ಖಾತೆಯಿಂದ ದುಡ್ಡು ಕಟ್ಟಾಗಿ ಅಂಗಡಿಯವರಿಗೆ ಮುಟ್ಟದೆ ಹೋದರೆ, ಮೊದಲ ಕೆಲಸ ಮತ್ತೊಮ್ಮೆ ಕಳಿಸದೆ ತಡೆದುಕೊಳ್ಳುವುದು. ಎರಡನೆಯದು, ಆ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಮೂರನೆಯದು, ಕ್ಯಾಲೆಂಡರ್ ನೋಡಿ ದಿನ ಎಣಿಸುವುದು. ಕಟ್ಟಾದ ಹಣ ಮಾಯವಾಗುವುದಿಲ್ಲ, ಎರಡು ಬ್ಯಾಂಕುಗಳ ಲೆಕ್ಕದ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ಎಷ್ಟು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆಷ್ಟು ಪರಿಹಾರ ಕೊಡಬೇಕು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಯಮವಿದೆ. ಆ ನಿಯಮ ಗೊತ್ತಿಲ್ಲದೆ, ‘ಬಂದಾಗ ಬರುತ್ತೆ’ ಎಂದು ಬಿಟ್ಟುಬಿಡಬೇಡಿ.

ತೊಂದರೆ ಎಲ್ಲಿ ಎಂದು ಮೊದಲು ಪತ್ತೆ ಮಾಡಿ

ಶಾಖೆಯ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯ ಲೆಕ್ಕ ಇರುವುದಿಲ್ಲ. ಅದಿರುವುದು ದೂರದ ಡೇಟಾ ಸೆಂಟರಿನ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ. ಶಾಖೆ, ಎಟಿಎಂ, ಮೊಬೈಲ್ ಆಪ್ ಎಲ್ಲವೂ ಪ್ರತಿ ಸಲ ಅಲ್ಲಿಗೆ ಹೋಗಿ ಕೇಳಿಕೊಂಡು ಬರಬೇಕು. ಹಾಗಾಗಿ ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದರೆ ಅದಕ್ಕೆ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಯಾವುದೆಂದು ತಿಳಿದರೆ ಮುಂದಿನ ಹೆಜ್ಜೆ ತಾನಾಗಿ ಗೊತ್ತಾಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಮೊದಲು ಅನುಮಾನಿಸಬೇಕಾದದ್ದು ಶಾಖೆಯ ಲೈನನ್ನು. ರಸ್ತೆ ಕೆಲಸದ ಜೆಸಿಬಿ ಆಪ್ಟಿಕಲ್ ಫೈಬರ್ ಕೀಳುತ್ತದೆ, ಮರ ಬಿದ್ದು ಕಂಬ ಉರುಳುತ್ತದೆ, ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದೆ ಯುಪಿಎಸ್ ಬ್ಯಾಟರಿ ಖಾಲಿಯಾಗುತ್ತದೆ. ಫೈಬರ್ ಇಲ್ಲದ ಕಡೆ ಶಾಖೆಗಳೂ ಎಟಿಎಂಗಳೂ ಚಾವಣಿ ಮೇಲಿನ ವಿ-ಸ್ಯಾಟ್ ಡಿಶ್ಶಿನಿಂದ ಉಪಗ್ರಹದ ಮೂಲಕ ನಡೆಯುತ್ತವೆ; ಆಗುಂಬೆ, ಹುಲಿಕಲ್ ಕಡೆ ಸುರಿಯುವಂಥ ದಟ್ಟ ಮಳೆ ಆ ಸಿಗ್ನಲನ್ನು ಹೀರಿಬಿಡುತ್ತದೆ. ಇದರ ಗುರುತು ಸುಲಭ: ಶಾಖೆಯಲ್ಲಿ ಕೆಲಸ ನಿಂತಿದೆ, ಆದರೆ ಅದೇ ಖಾತೆಯ ಯುಪಿಐ ನಿಮ್ಮ ಫೋನಿನಲ್ಲಿ ನಡೆಯುತ್ತಿದೆ. ಆಗ ಅಲ್ಲೇ ಕಾಯುತ್ತ ಕೂರಬೇಕಿಲ್ಲ. ನಿಮ್ಮ ಖಾತೆ ಆ ಶಾಖೆಯದ್ದು ಮಾತ್ರವಲ್ಲ, ಆ ಬ್ಯಾಂಕಿನದು. ಹೊಸನಗರದ ಶಾಖೆಯಲ್ಲಿ ಆಗದ ಕೆಲಸ ಅದೇ ಬ್ಯಾಂಕಿನ ಸಾಗರ ಅಥವಾ ಶಿವಮೊಗ್ಗದ ಶಾಖೆಯಲ್ಲಿ ಆಗುತ್ತದೆ. ಬೇರೆ ಶಾಖೆಯಲ್ಲಿ ನಗದು ತೆಗೆಯಲು ಮಿತಿ ಇರುತ್ತದೆ. ಪಾಸ್‌ಬುಕ್, ಚೆಕ್‌ಬುಕ್, ಆಧಾರ್ ಜೊತೆಗಿರಲಿ.

ಎರಡನೆಯದು ಬ್ಯಾಂಕಿನ ಕೋರ್ ವ್ಯವಸ್ಥೆಯೇ ನಿಂತಿರುವುದು. ಎಲ್ಲ ಶಾಖೆಯಲ್ಲೂ, ಎಟಿಎಂನಲ್ಲೂ, ಯುಪಿಐನಲ್ಲೂ ಒಟ್ಟಿಗೆ ತೊಂದರೆ. ಪಕ್ಕದವರ ಬೇರೆ ಬ್ಯಾಂಕಿನ ಖಾತೆ ಸರಿಯಾಗಿದೆ. ಊರು ಬದಲಿಸಿ ಪ್ರಯೋಜನವಿಲ್ಲ. ಇನ್ನೊಂದು ಬ್ಯಾಂಕಿನ ಖಾತೆಯೋ ಕೈಯಲ್ಲಿರುವ ನಗದೋ ಬಳಸಬೇಕು. ನಡುರಾತ್ರಿಯ ಆಸುಪಾಸಿನಲ್ಲಿ ಬ್ಯಾಂಕುಗಳು ದಿನದ ಲೆಕ್ಕ ಮುಗಿಸುವುದರಿಂದ ಆ ಹೊತ್ತಿನಲ್ಲಿ ವ್ಯವಹಾರ ತಡವಾಗುವುದುಂಟು. ಆಸ್ಪತ್ರೆಯಂಥ ತುರ್ತು ಅಲ್ಲದಿದ್ದರೆ ಆಗ ದೊಡ್ಡ ಮೊತ್ತ ಕಳಿಸಬೇಡಿ.

ಮೂರನೆಯದು ನಡುವಿನ ಸಂಸ್ಥೆಗಳಲ್ಲಿ ಆಗುವ ತೊಂದರೆ. ಯುಪಿಐ, ಐಎಂಪಿಎಸ್ (ಖಾತೆಯಿಂದ ಖಾತೆಗೆ ಕೂಡಲೇ ಹಣ ಕಳಿಸುವ ಸೇವೆ), ಆಧಾರ್ ಪಾವತಿ ಇವೆಲ್ಲ ಬ್ಯಾಂಕುಗಳನ್ನು ಬೆಸೆಯುವ ರಾಷ್ಟ್ರೀಯ ಪಾವತಿ ನಿಗಮ ಎನ್‌ಪಿಸಿಐ ಮೂಲಕ ಹಾಯುತ್ತವೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ತೊಡಕಿಗೆ ಸಿಕ್ಕಿತ್ತು. ಸಣ್ಣ ಬ್ಯಾಂಕುಗಳಿಗೆ ಇನ್ನೊಂದು ಅಪಾಯವಿದೆ: ಹಲವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು ಸ್ವಂತ ಕಂಪ್ಯೂಟರ್ ವ್ಯವಸ್ಥೆ ಇಟ್ಟುಕೊಳ್ಳದೆ ಒಂದೇ ತಾಂತ್ರಿಕ ಕಂಪನಿಯ ಸೇವೆ ಪಡೆಯುತ್ತವೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಅಂಥ ಕಂಪನಿಗೆ, ಕಂಪ್ಯೂಟರಿಗೆ ಬೀಗ ಹಾಕಿ ಒತ್ತೆಹಣ ಕೇಳುವ ರ‍್ಯಾನ್‌ಸಮ್‌ವೇರ್ ದಾಳಿಯಾದಾಗ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆಗೆ ಅಡಚಣೆಯಾಯಿತು. ಇಂಥ ಹೊತ್ತಿನಲ್ಲಿ ನಿಮ್ಮ ಬ್ಯಾಂಕಿನ ಒಳಗಿನ ವ್ಯವಸ್ಥೆ ಸರಿಯಿದ್ದು, ಹೊರಗಿನ ಕೊಂಡಿ ಮಾತ್ರ ತಪ್ಪಿರಬಹುದು. ಹಾಗಾಗಿ ಶಾಖೆಯ ಕೌಂಟರಿನಲ್ಲಿ ವಿತ್‌ಡ್ರಾವಲ್ ಸ್ಲಿಪ್ ಕೊಟ್ಟು ನಗದು ಪಡೆಯಲು ನೋಡಿ.

ನಾಲ್ಕನೆಯದು ನಿಮ್ಮದೇ ಫೋನಿನ ಸಿಗ್ನಲ್. ಟವರಿನ ಬ್ಯಾಟರಿ ಮುಗಿದರೆ ಇಂಟರ್‌ನೆಟ್ ಮೊದಲು ಸಾಯುತ್ತದೆ, ಮಾತಿನ ಸಿಗ್ನಲ್ ಸ್ವಲ್ಪ ಉಳಿದಿರಬಹುದು. ಆಗ *99# ಡಯಲ್ ಮಾಡಿ ಒಂದು ಸಲಕ್ಕೆ 5,000 ರೂ. ವರೆಗೆ ಕಳಿಸಬಹುದು. ಬ್ಯಾಂಕಿಗೆ ನೋಂದಾಯಿಸಿದ ಸಿಮ್‌ನಿಂದಲೇ ಡಯಲ್ ಮಾಡಬೇಕು, ಯುಪಿಐ ಪಿನ್ ಮೊದಲೇ ಇಟ್ಟುಕೊಂಡಿರಬೇಕು. ಬ್ಯಾಂಕಿನ ಸರ್ವರೇ ನಿಂತಿದ್ದರೆ ಈ ದಾರಿಯೂ ನಡೆಯುವುದಿಲ್ಲ.

ಯುಪಿಐ ‘ಪೆಂಡಿಂಗ್’ ಎಂದಾಗ

ನೀವು ಪಿನ್ ಒತ್ತಿದ ಮೇಲೆ ಸಂದೇಶ ಎನ್‌ಪಿಸಿಐಗೆ ಹೋಗಿ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬಂದು ಹಣ ಕಡಿತವಾಗಿ, ಮತ್ತೆ ಎನ್‌ಪಿಸಿಐ ಮೂಲಕ ಪಡೆಯುವವರ ಬ್ಯಾಂಕಿಗೆ ಹೋಗಿ ಜಮೆಯಾಗಿ, ಕೊನೆಗೆ ‘ಆಯಿತು’ ಎಂಬ ಉತ್ತರ ನಿಮ್ಮ ಫೋನಿಗೆ ಬರುತ್ತದೆ. ಕಡಿತಕ್ಕೆ ಮೊದಲೇ ಕೊಂಡಿ ತಪ್ಪಿದರೆ ವ್ಯವಹಾರ ಫೇಲ್, ನಿಮಗೇನೂ ನಷ್ಟವಿಲ್ಲ. ಕಡಿತವಾದ ಮೇಲೆ, ಜಮೆಯಾಗುವ ಮೊದಲು ತಪ್ಪಿದರೆ ಹಣ ನಡುವೆ ನಿಲ್ಲುತ್ತದೆ. ಜಮೆಯಾದ ಮೇಲೆ ಉತ್ತರ ಮಾತ್ರ ಬಾರದಿದ್ದರೆ ನಿಮ್ಮ ಫೋನಿನಲ್ಲಿ ಪೆಂಡಿಂಗ್, ಅಂಗಡಿಯವರ ಖಾತೆಯಲ್ಲಿ ಹಣ ಹಾಜರ್. ಎರಡು ಸಲ ಪಾವತಿಯಾಗುವುದು ಈ ಕೊನೆಯ ಸಂದರ್ಭದಲ್ಲಿ. ಎರಡನೇ ಸಲ ಕಳಿಸಿದ್ದು ಯಶಸ್ವಿ ವ್ಯವಹಾರವೇ ಆದ್ದರಿಂದ ಬ್ಯಾಂಕ್ ಅದನ್ನು ವಾಪಸ್ ಮಾಡುವುದಿಲ್ಲ, ಅಂಗಡಿಯವರನ್ನೇ ಕೇಳಬೇಕು.

ಅಂಗಡಿಯ ಸೌಂಡ್‌ಬಾಕ್ಸ್ ಮಾತಾಡಲಿಲ್ಲ ಎಂದ ಮಾತ್ರಕ್ಕೆ ಹಣ ಬಂದಿಲ್ಲ ಎಂದಲ್ಲ. ಆ ಡಬ್ಬಿಯೊಳಗೆ ಅದರದ್ದೇ ಸಿಮ್ ಇದೆ, ಅದಕ್ಕೆ ಸಿಗ್ನಲ್ ಸಿಗದಿದ್ದರೆ ಅದು ಮೌನ. ಅಂಗಡಿಯವರು ತಮ್ಮ ಆಪ್‌ನಲ್ಲೋ ಬ್ಯಾಂಕ್ ಖಾತೆಯಲ್ಲೋ ನೋಡಬೇಕು. ಗ್ರಾಹಕರ ಫೋನಿನ ಹಸಿರು ಟಿಕ್ ನೋಡಿ ಸಾಮಾನು ಕೊಡುವುದೂ ಅಷ್ಟೇ ಅಪಾಯ, ಅಂಥ ನಕಲಿ ಪರದೆ ತೋರಿಸುವ ಆಪ್‌ಗಳಿವೆ. ಮಳೆಗಾಲದಲ್ಲಿ ಸಿಗ್ನಲ್ ಬಂದಾಗ ಎಸ್‌ಎಂಎಸ್‌ಗಳು ಒಟ್ಟಿಗೆ, ಹಿಂದುಮುಂದಾಗಿ ಬರುವುದರಿಂದ ಸಂದೇಶದ ಒಳಗೆ ಬರೆದಿರುವ ದಿನಾಂಕ, ಸಮಯ ನೋಡಿ; ಫೋನಿಗೆ ಬಂದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸ್ಥಿತಿ ಏನಾಯಿತೆಂದು ಮತ್ತೆ ಮತ್ತೆ ಒತ್ತಿ ನೋಡುವುದರಿಂದ ತೊಂದರೆ ಹೆಚ್ಚುತ್ತದೆ. 2025ರ ಏಪ್ರಿಲ್ 12ರ ಅಡಚಣೆಗೆ ವ್ಯವಹಾರದ ಸ್ಥಿತಿ ಕೇಳುವ ವಿನಂತಿಗಳು ಬ್ಯಾಂಕುಗಳಿಂದ ಪ್ರವಾಹದಂತೆ ಬಂದದ್ದೇ ಕಾರಣವಾಗಿತ್ತು. ಅದಾದ ಮೇಲೆ, 2025ರ ಆಗಸ್ಟ್ 1ರಿಂದ ಒಂದು ಆಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ಪೆಂಡಿಂಗ್ ವ್ಯವಹಾರದ ಸ್ಥಿತಿಯನ್ನು 90 ಸೆಕೆಂಡ್ ಅಂತರ ಬಿಟ್ಟು ಮೂರು ಸಲ ಮಾತ್ರ ಕೇಳಬಹುದು. ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದು, ವ್ಯವಹಾರ ಸಂಖ್ಯೆ ಬರೆದುಕೊಂಡು, ಬಾಕಿಯನ್ನು ನಗದಾಗಿ ಕೊಡಿ. ನಗದು ಇಲ್ಲದಿದ್ದರೆ ‘ಇದು ಜಮೆಯಾಗದಿದ್ದರೆ ನಾಳೆ ಕೊಡುತ್ತೇನೆ’ ಎಂದು ಅಂಗಡಿಯವರ ಪುಸ್ತಕದಲ್ಲಿ ಸಂಖ್ಯೆ ಸಮೇತ ಬರೆಸಿ. ಪರಿಚಯದ ಊರಿನಲ್ಲಿ ಇದು ಕಷ್ಟವಲ್ಲ.

ಎಟಿಎಂ ಎಣಿಸಿತು, ನೋಟು ಬರಲಿಲ್ಲ

ಯಂತ್ರದ ಪರದೆ ಮೊದಲಿನ ಸ್ಥಿತಿಗೆ ಬರುವವರೆಗೆ ಜಾಗ ಬಿಡಬೇಡಿ. ತಡವಾಗಿ ನೋಟು ಹೊರಬಂದರೆ ಹಿಂದಿನವರ ಪಾಲಾಗುತ್ತದೆ. ನೋಟು ಬರುವ ಬಾಯಿಗೆ ಪಟ್ಟಿಯೋ ಅಂಟೋ ಅಡ್ಡ ಇದೆಯೇ ನೋಡಿ. ಇದ್ದರೆ ಅದು ಯಂತ್ರದ ದೋಷವಲ್ಲ, ಕಳ್ಳರ ಕೆಲಸ. ಅಲ್ಲಿಂದಲೇ ಬ್ಯಾಂಕಿಗೆ ಮತ್ತು 112ಕ್ಕೆ ಕರೆ ಮಾಡಿ. ಕೇಳಿದ್ದಕ್ಕಿಂತ ಕಡಿಮೆ ನೋಟು ಬಂದರೆ ಕ್ಯಾಮೆರಾಕ್ಕೆ ಕಾಣುವಂತೆ ಅಲ್ಲೇ ಎಣಿಸಿ. ಆಮೇಲೆ ಬರೆದುಕೊಳ್ಳಬೇಕಾದದ್ದು: ಯಂತ್ರದ ಮೇಲಿನ ಅಥವಾ ಸ್ಲಿಪ್‌ನಲ್ಲಿರುವ ಎಟಿಎಂ ಐಡಿ, ಸ್ಲಿಪ್‌ನ ವ್ಯವಹಾರ ಸಂಖ್ಯೆ, ದಿನಾಂಕ, ನಿಮಿಷದವರೆಗಿನ ಸಮಯ.

ಈ ವಿವರ ಏಕೆಂದರೆ, ಪ್ರತಿಯೊಂದು ನೋಟನ್ನು ಹೊರ ತಳ್ಳಿದ ದಾಖಲೆ ಯಂತ್ರದೊಳಗೆ ಇರುತ್ತದೆ. ಹಣ ತುಂಬಿಸಲು ಬಂದವರು ಪೆಟ್ಟಿಗೆ ಎಣಿಸಿದಾಗ ನಿಮಗೆ ಬಾರದ ಮೊತ್ತ ಹೆಚ್ಚುವರಿಯಾಗಿ ಸಿಗಬೇಕು. ಸಮಯ ತಪ್ಪಾಗಿ ಬರೆದರೆ ಬೇರೆಯವರ ಯಶಸ್ವಿ ವ್ಯವಹಾರದ ದಾಖಲೆ ತೆಗೆದು ನಿಮ್ಮ ದೂರನ್ನು ತಳ್ಳಿಹಾಕುವ ಸಾಧ್ಯತೆಯಿದೆ. ಹಾಗೆ ತಳ್ಳಿಹಾಕಿದರೆ ಯಂತ್ರದ ದಾಖಲೆಯ ಪ್ರತಿ ಮತ್ತು ಸಿಸಿಟಿವಿ ದೃಶ್ಯ ಬೇಕೆಂದು ಲಿಖಿತವಾಗಿ, ಬೇಗ ಕೇಳಿ. ದೃಶ್ಯಗಳನ್ನು ಶಾಶ್ವತವಾಗಿ ಇಡುವುದಿಲ್ಲ.

ದೂರು ಹೋಗಬೇಕಾದದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಎಟಿಎಂ ಬೇರೆ ಬ್ಯಾಂಕಿನದಾಗಿದ್ದರೂ ‘ಅಲ್ಲಿ ಹೋಗಿ ಕೇಳಿ’ ಎಂಬ ಉತ್ತರವನ್ನು ಒಪ್ಪಬೇಡಿ. ಯಂತ್ರದ ದೋಷದಿಂದ ಅಥವಾ ಹಣವಿಲ್ಲದೆ ವಿಫಲವಾದ ವ್ಯವಹಾರವನ್ನು ತಿಂಗಳ ಉಚಿತ ವ್ಯವಹಾರಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅದಕ್ಕೆ ಶುಲ್ಕವನ್ನೂ ಹಾಕುವಂತಿಲ್ಲ.

ಬ್ಯಾಂಕ್ ಮಿತ್ರರ ಬಳಿ ಬೆರಳಚ್ಚು ಕೊಡುವಾಗ

ಹಳ್ಳಿಯಲ್ಲಿ ಪಿಂಚಣಿ, ಗೃಹಲಕ್ಷ್ಮಿ ಹಣ ತೆಗೆಯುವ ಹಿರಿಯರಿಗೆ, ಹೆಂಗಸರಿಗೆ ಹೆಚ್ಚು ಪೆಟ್ಟು ಬೀಳುವುದು ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿ. ಬೆರಳಿಟ್ಟ ಮೇಲೆ ‘ಫೇಲ್ ಆಯ್ತು ಅಮ್ಮ, ಇನ್ನೊಂದ್ಸಲ ಇಡಿ’ ಎಂದರೆ, ಇಡುವ ಮೊದಲು ಮಿನಿ ಸ್ಟೇಟ್‌ಮೆಂಟ್ ತೆಗೆಸಿ. ಮೊದಲ ಸಲದ್ದು ಕಡಿತವಾಗಿದ್ದರೆ ಅದರಲ್ಲಿ ಕಾಣುತ್ತದೆ. ಫೇಲ್ ಆದದ್ದಕ್ಕೂ ಸ್ಲಿಪ್ ಕೇಳಿ ಪಡೆಯಿರಿ. ಸ್ಲಿಪ್ ಇಲ್ಲದೆ ಎರಡನೇ ಸಲ ಬೆರಳು ಇಡಬೇಡಿ, ಇದು ಹಟ ಹಿಡಿಯಬೇಕಾದ ವಿಷಯ.

ಅಡಿಕೆ ಸುಲಿಯುವ ಕಾಲದಲ್ಲಿ ಕೈಗೆ ಚೊಗರು ಹತ್ತಿ, ಬೆರಳ ಗೆರೆ ಸವೆದು ಯಂತ್ರ ಬೆರಳಚ್ಚನ್ನು ಗುರುತಿಸದೆ ಹೋಗುವುದುಂಟು. ಅದನ್ನೂ ಸರ್ವರ್ ಮೇಲೆ ಹಾಕುತ್ತಾರೆ. ಬಿಸಿನೀರು, ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿ, ಹೆಬ್ಬೆರಳಿನ ಬದಲು ಬೇರೆ ಬೆರಳು ಇಟ್ಟು ನೋಡಿ. ಆಗಲೂ ಹಿಡಿಯದಿದ್ದರೆ ಶಾಖೆಗೇ ಹೋಗುವುದು ಮೇಲು.

ಸರ್ಕಾರದ ಹಣ ಬಾರದಿದ್ದಾಗ ಬ್ಯಾಂಕಿನ ಸರ್ವರನ್ನು ದೂರುವ ಮುನ್ನ ಇನ್ನೊಂದು ನೋಡಿ: ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಕಾಣುತ್ತದೆ. ಹೊಸ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಬದಲಾಗಿ, ಹಣ ನೀವು ನೋಡದ ಖಾತೆಗೆ ಹೋಗಿರಬಹುದು.

ಕೌಂಟರಿನಲ್ಲಿ

ಸರ್ವರ್ ಇಲ್ಲದಾಗ ನಗದು ಕಟ್ಟಲು ಹೋದರೆ ‘ಇಟ್ಟು ಹೋಗಿ, ಬಂದಾಗ ಎಂಟ್ರಿ ಮಾಡ್ತೀವಿ’ ಎನ್ನಬಹುದು. ಮುದ್ರೆ, ಸಹಿ, ದಿನಾಂಕ ಮೂರೂ ಇರುವ ಚಲನ್ ಭಾಗ ಕೈಗೆ ಬರದೆ ಹಣ ಕೊಡಬೇಡಿ. ಮರುದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಚಿನ್ನದ ಸಾಲದ ಕಂತು, ಬೆಳೆ ವಿಮೆಯ ಪ್ರೀಮಿಯಂ, ಮೆಸ್ಕಾಂ ಬಿಲ್ಲಿನಂಥ ಗಡುವಿನ ಪಾವತಿಯಾದರೆ ಆ ದಿನ ನೀವು ಬಂದಿದ್ದಿರಿ, ಸರ್ವರ್ ಇರಲಿಲ್ಲ ಎಂದು ಒಂದು ಅರ್ಜಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದಂಡ ಅಥವಾ ಬಡ್ಡಿ ಬಿದ್ದಾಗ ವಾದಿಸಲು ಆ ಒಂದು ಹಾಳೆ ಸಾಕಾಗುತ್ತದೆ. ಖಾತೆಯಲ್ಲಿ ಹಣವಿದ್ದೂ ಬ್ಯಾಂಕಿನ ವ್ಯವಸ್ಥೆಯ ದೋಷದಿಂದ ಇಎಂಐ ಬೌನ್ಸ್ ಆದರೆ, ಆ ದಿನದ ಬ್ಯಾಲೆನ್ಸ್ ತೋರಿಸುವ ಸ್ಟೇಟ್‌ಮೆಂಟ್ ಹಿಡಿದು ಬೌನ್ಸ್ ಶುಲ್ಕ ವಾಪಸ್ ಕೇಳಿ.

ದಿನ ಎಣಿಸುವ ಲೆಕ್ಕ

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ವ್ಯವಹಾರ ನಡೆದ ದಿನವನ್ನು ಸೊನ್ನೆ ಎಂದು ಹಿಡಿದು, ರಜಾದಿನಗಳನ್ನೂ ಸೇರಿಸಿ ಎಣಿಸಬೇಕು.

ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಮತ್ತು ಐಎಂಪಿಎಸ್: 1 ದಿನ.
ಅಂಗಡಿಗೆ ಮಾಡಿದ ಯುಪಿಐ, ಕಾರ್ಡ್ ಉಜ್ಜಿದ ಪಾವತಿ, ಆನ್‌ಲೈನ್ ಕಾರ್ಡ್ ಪಾವತಿ: 5 ದಿನ.
ಎಟಿಎಂ: 5 ದಿನ.
ಬೆರಳಚ್ಚಿನ ಆಧಾರ್ ಪಾವತಿ: 5 ದಿನ.

ಇದರೊಳಗೆ ಹಣ ವಾಪಸ್ ಬಾರದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ. ಪರಿಹಾರ. ಉದಾಹರಣೆಗೆ, ಜುಲೈ 10ರಂದು ಎಟಿಎಂನಲ್ಲಿ ಕಟ್ಟಾದ ಹಣ 15ರೊಳಗೆ ಬರಬೇಕು. 20ಕ್ಕೆ ಬಂದರೆ 5 ದಿನ ತಡ, 500 ರೂ. ಸೇರಿಸಿ ಕೊಡಬೇಕು. ಕಟ್ಟಾದ ಮೊತ್ತ 200 ಆಗಿದ್ದರೂ ಪರಿಹಾರ ಅಷ್ಟೇ. ಗ್ರಾಹಕರು ದೂರು ಕೊಡುವವರೆಗೆ ಕಾಯದೆ ಬ್ಯಾಂಕ್ ತಾನಾಗಿ ಜಮಾ ಮಾಡಬೇಕೆಂದು ಸುತ್ತೋಲೆ ಹೇಳುತ್ತದೆ. ಅಸಲು ಬಂದಿತೆಂದು ಸುಮ್ಮನಾಗದೆ ಪಾಸ್‌ಬುಕ್‌ನಲ್ಲಿ ಪರಿಹಾರದ ಸಾಲು ಬೇರೆಯಾಗಿ ಇದೆಯೇ ನೋಡಿ. ತಪ್ಪು ನಂಬರಿಗೆ ನೀವೇ ಕಳಿಸಿದ್ದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್‌ನ ಲೆಕ್ಕ ಬೇರೆ. ಅದು ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ಆ ಕಂತಿನ ನಂತರ ಎರಡು ಗಂಟೆಯೊಳಗೆ ಜಮೆಯಾಗಬೇಕು ಅಥವಾ ಹಿಂದಿರುಗಬೇಕು. ತಡವಾದರೆ ರೆಪೋ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ. 2 ಸೇರಿಸಿ ಬಡ್ಡಿ.

ದೂರು ಬರೆಯುವ ಬಗೆ

ಮೊದಲು ಆಪ್‌ನಲ್ಲಿ ಆ ವ್ಯವಹಾರವನ್ನೇ ತೆರೆದು ಸಹಾಯ ವಿಭಾಗದಲ್ಲಿ ದೂರು ದಾಖಲಿಸಿ. ಗಡುವು ಮೀರಿದರೆ ಶಾಖೆಗೆ ಕಾಗದ. ಹೀಗೆ ಬರೆದರೆ ಸಾಕು:

‘ನನ್ನ ಖಾತೆ ಸಂಖ್ಯೆ ........ಯಿಂದ ದಿನಾಂಕ ........ರಂದು ........ ಗಂಟೆಗೆ ರೂ. ........ ಕಡಿತವಾಗಿದೆ. ವ್ಯವಹಾರ ಸಂಖ್ಯೆ ......... ಈ ಹಣ ಪಡೆಯಬೇಕಾದವರಿಗೆ ಜಮೆಯಾಗಿಲ್ಲ, ನನಗೂ ಹಿಂದಿರುಗಿಲ್ಲ. ರಿಸರ್ವ್ ಬ್ಯಾಂಕಿನ ದಿನಾಂಕ 20-9-2019ರ ಸುತ್ತೋಲೆಯಂತೆ ಅಸಲು ಮೊತ್ತವನ್ನೂ, ........ ತಾರೀಕಿನಿಂದ ಜಮೆಯಾಗುವ ದಿನದವರೆಗೆ ದಿನಕ್ಕೆ ರೂ. 100ರಂತೆ ಪರಿಹಾರವನ್ನೂ ನನ್ನ ಖಾತೆಗೆ ಜಮಾ ಮಾಡಿ, ದೂರಿನ ಸಂಖ್ಯೆಯನ್ನು ಬರೆದುಕೊಡಬೇಕಾಗಿ ಕೋರುತ್ತೇನೆ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ತಾರೀಕು ಇರುವುದಿಲ್ಲ, ಮುಂದಿನ ಹಂತಕ್ಕೆ ತಾರೀಕು ಬೇಕೇ ಬೇಕು. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ತಡಮಾಡದೆ ದೂರು ಕೊಡಿ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್ ತಾಣದಲ್ಲಿ ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಸರ್ವರ್ ಕೆಟ್ಟ ಸುದ್ದಿ ಹರಡಿದ ಕೂಡಲೇ ವಂಚಕರೂ ಕರೆ ಮಾಡಲು ಶುರುಮಾಡುತ್ತಾರೆ. ‘ನಿಮ್ಮ ರಿಫಂಡ್ ಬಾಕಿ ಇದೆ, ಈ ಲಿಂಕ್ ಒತ್ತಿ’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕದೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಮೂರನೆಯವರ ಕೈವಾಡದಿಂದ ಆದ ಕಡಿತವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ. ನೀವೇ ಪಿನ್ ಹೇಳಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಬ್ಯಾಂಕುಗಳು ವಿಲೀನವಾದಾಗ

ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿಗೆ ಸೇರಿದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿವೆ. ಇಂಥ ವಿಲೀನದಲ್ಲಿ ಲೆಕ್ಕವನ್ನು ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ದಿನಗಳಲ್ಲಿ ಸೇವೆ ನಿಲ್ಲುತ್ತದೆ, ಆಮೇಲೆ ಶಾಖೆಯ ಗುರುತಿನ ಸಂಕೇತವಾದ ಐಎಫ್‌ಎಸ್‌ಸಿ ಬದಲಾಗುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ಪಾಸ್‌ಬುಕ್ ಪೂರ್ತಿ ಪ್ರಿಂಟ್ ಮಾಡಿಸಿ, ಹಿಂದಿನ ದಿನದ ಬ್ಯಾಲೆನ್ಸ್‌ನ ಸ್ಟೇಟ್‌ಮೆಂಟ್ ತೆಗೆದಿಡಿ. ಸಾಗಾಟ ಮುಗಿದ ಮೇಲೆ ಠೇವಣಿಯ ಅವಧಿ, ಬಡ್ಡಿ ದರ, ನಾಮಿನಿ ಹೆಸರು, ಮೊಬೈಲ್ ನಂಬರ್ ಇವನ್ನು ಹಳೆಯದರ ಜೊತೆ ಹೋಲಿಸಿ. ಮೊತ್ತ ಸರಿಯಿದ್ದು ನಾಮಿನಿ ಖಾಲಿಯಾಗಿದ್ದರೆ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಅಡಿಕೆ ಮಂಡಿ, ಹಾಲಿನ ಡೇರಿ, ಪಿಂಚಣಿ ಇಲಾಖೆಗೆ ಹೊಸ ಐಎಫ್‌ಎಸ್‌ಸಿ ಕೊಡಿ.

ಮುಂಗಾರಿಗೆ ಮುಂಚೆ

ಮನೆಯಲ್ಲಿ ಒಂದು ವಾರದ ಖರ್ಚು ಮತ್ತು ಆಸ್ಪತ್ರೆಗೆ ಹೋಗಿಬರುವಷ್ಟು ನಗದಿರಲಿ, ಅದರಲ್ಲಿ 50, 100ರ ನೋಟುಗಳು ಹೆಚ್ಚಿರಲಿ. ಎರಡು ಬ್ಯಾಂಕುಗಳಲ್ಲಿ ಖಾತೆಯಿರುವುದು ಒಳ್ಳೆಯದು: ಒಂದು ಸಹಕಾರಿ ಅಥವಾ ಗ್ರಾಮೀಣ ಬ್ಯಾಂಕಿನದಾದರೆ ಇನ್ನೊಂದು ದೊಡ್ಡ ಬ್ಯಾಂಕಿನದಿರಲಿ. ಎರಡೂ ಸಣ್ಣ ಬ್ಯಾಂಕುಗಳಾಗಿ ಒಂದೇ ತಾಂತ್ರಿಕ ಕಂಪನಿಯನ್ನು ನೆಚ್ಚಿದ್ದರೆ ಒಟ್ಟಿಗೇ ನಿಲ್ಲುತ್ತವೆ. ಯುಪಿಐ ಆಪ್‌ನ ಒಳಗಿನ ಸಣ್ಣ ಪರ್ಸಿನಂಥ ಯುಪಿಐ ಲೈಟ್‌ಗೆ ಮೊದಲೇ ಹಣ ತುಂಬಿಡಿ. ಅದರಲ್ಲಿ 5,000 ರೂ. ವರೆಗೆ ಇಡಬಹುದು, ಒಂದು ಸಲಕ್ಕೆ 1,000 ರೂ. ವರೆಗೆ ಪಿನ್ ಇಲ್ಲದೆ ಕೊಡಬಹುದು. ಪ್ರತಿ ಪಾವತಿಗೂ ಬ್ಯಾಂಕಿನ ಕೋರ್ ವ್ಯವಸ್ಥೆಯನ್ನು ಮುಟ್ಟದ ಕಾರಣ ಬ್ಯಾಂಕ್ ನಿಧಾನವಾದಾಗಲೂ ಇದು ನಡೆಯುವ ಸಾಧ್ಯತೆ ಹೆಚ್ಚು. ಐದಾರು ಚೆಕ್ ಹಾಳೆ ಇಟ್ಟುಕೊಳ್ಳಿ. ಗಡುವಿನ ಪಾವತಿಯನ್ನು ಕೊನೆಯ ದಿನಕ್ಕೆ ಬಿಡದೆ ಮೂರು ದಿನ ಮೊದಲೇ ಮುಗಿಸಿ.

ಸೊಸೈಟಿಯಲ್ಲಿ ಖಾತೆ ಇರುವವರಿಗೆ

ಗ್ರಾಮೀಣ ಬ್ಯಾಂಕುಗಳು ಓಂಬುಡ್ಸ್‌ಮನ್ ವ್ಯಾಪ್ತಿಯಲ್ಲಿವೆ. 2025ರ ನವೆಂಬರ್ 1ರಿಂದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಸೇರಿವೆ. ಊರಿನ ಕೃಷಿ ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ, ಅದು ಸೇರುವುದಿಲ್ಲ. ಪುಸ್ತಕದ ಲೆಕ್ಕದಿಂದ ಕಂಪ್ಯೂಟರಿಗೆ ದಾಟುತ್ತಿರುವ ಸಂಘಗಳಲ್ಲಿ ಸಾಲದ ಬಾಕಿ, ಷೇರು ಮೊತ್ತ, ಪಿಗ್ಮಿ ಲೆಕ್ಕ ತಪ್ಪಾಗಿ ಏರುವ ಸಂಭವವಿದೆ. ಹಳೆಯ ರಸೀದಿ, ಪಾಸ್‌ಬುಕ್ ಯಾವುದನ್ನೂ ಎಸೆಯಬೇಡಿ. ವ್ಯತ್ಯಾಸ ಕಂಡರೆ ಮೊದಲು ಸಂಘದ ಕಾರ್ಯದರ್ಶಿಗೆ ಲಿಖಿತ ಅರ್ಜಿ, ಅಲ್ಲಿ ಆಗದಿದ್ದರೆ ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು. ರಸೀದಿಗಳ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.